ಅತ್ತೆಯ ಓಲೆ ಮತ್ತು ಫಿನ್ಲೆಂಡಿನ ಮಷಿನ್ನು

ಕೊಟ್ಟೂರು, ಹೊರಡುವ ಮುಂಚೆ

ನಾನು ಫಿನ್ಲೆಂಡಿಗೆ ಹೋದದ್ದು ಅತ್ತೆಯ ಜೊತೆಗಿನ ಒಂದು ಜಗಳ ಗೆಲ್ಲುವುದಕ್ಕೆ. ವೀಸಾ ಕೊಡುವವರಿಗೆ ಬೇರೆ ಕಾರಣ ಹೇಳಿದ್ದೆ, ಅದೂ ಸುಳ್ಳೇನಲ್ಲ. ಆದರೆ ಓದುವವರ ಹತ್ತಿರ ಮುಚ್ಚಿಡುವುದು ಯಾಕೆ? ಮನೆಯಲ್ಲಿ ಜಗಳ ಇಲ್ಲದಿದ್ದರೆ ಕೊಟ್ಟೂರು ಬಿಟ್ಟು ಅಷ್ಟು ದೂರ ಹೋಗುವ ಪೈಕಿ ನಾನಲ್ಲ.

ನಾನು ಕಿವಿ, ಮೂಗು, ಗಂಟಲಿನ ಡಾಕ್ಟರು. ದಿನವಿಡೀ ಕಿವಿ ಕೇಳದವರ ಜೊತೆ ಮಾತಾಡಿ ಮಾತಾಡಿ ನನ್ನ ದನಿ ಹರಪನಹಳ್ಳಿ ಬಸ್ಸಿನ ಕಂಡಕ್ಟರನ ದನಿ ಆಗಿದೆ. ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಗೆಲ್ಲ ಕೇಳುತ್ತದೆ ಅಂತ ಗಂಡ ಬೈಯುತ್ತಾನೆ. ಆ ದನಿಗೂ ಬಗ್ಗದವರು ಒಬ್ಬರೇ, ನನ್ನ ಅತ್ತೆ ಕೊಟ್ರಮ್ಮ.

ಅತ್ತೆಯ ಬಲಗಿವಿ ಚಿಕ್ಕಂದಿನಲ್ಲೇ ಮಂಗನಬಾವು ಬಂದು ಪೂರ್ತಿ ಹೋಗಿದೆ. ಇರುವುದು ಎಡಗಿವಿ ಒಂದೇ. ಕೊಟ್ಟೂರಿನ ಪೇಟೆಯಲ್ಲಿ ನಮ್ಮದು ಬೀಜದ ಅಂಗಡಿ. ಮಾವ ಗಲ್ಲೆಯ ಮುಂದೆ ಕೂರುತ್ತಾರೆ, ಅಷ್ಟೇ. ಗಿರಾಕಿಗಳ ಜೊತೆ ಮಾತು, ಫೋನು, ಚೌಕಾಸಿ, ಬೈಗುಳ, ನಗೆ ಎಲ್ಲವೂ ಅತ್ತೆಯದು. ಅಂಥ ಕಿವಿ ಒಂದು ವರ್ಷದಿಂದ ಸೋರುತ್ತಿತ್ತು, ವಾಸನೆ ಬೇರೆ. ನಾನು ಬೆಳಕು ಬಿಟ್ಟು ನೋಡಿದೆ. ಕಿವಿಪರದೆಯ ಮೇಲ್ಮೂಲೆಯಲ್ಲಿ ಒಂದು ಬಿಳಿ ಚೂರು ಕಂಡಿತು. ಪರದೆಯ ಹಿಂದೆ ಚರ್ಮ ಗಂಟು ಕಟ್ಟಿ ಬೆಳೆಯುವ ರೋಗ ಒಂದಿದೆ. ನೋವು ಕೊಡುವುದಿಲ್ಲ, ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದ ಹಾಗೆ ಸುತ್ತಲಿನ ಎಲುಬನ್ನು ಸದ್ದಿಲ್ಲದೆ ತಿನ್ನುತ್ತದೆ. ಬಿಟ್ಟರೆ ಕಿವಿ ಹೋಗುತ್ತದೆ, ಮುಖ ಸೊಟ್ಟಗಾಗುತ್ತದೆ, ಮಿದುಳಿಗೂ ಏರಬಹುದು. ಆಪರೇಷನ್ ಒಂದೇ ದಾರಿ. ಆದರೆ ಆಪರೇಷನ್ನಿನಲ್ಲೂ ಕಿವಿ ಹೋಗಬಹುದು. ಇರುವುದೊಂದೇ ಕಿವಿ ಆದ್ದರಿಂದ ರೋಗ ಇದೆ ಅಂತ ಖಾತ್ರಿಯಾಗದೆ ಮುಟ್ಟುವುದಿಲ್ಲ ಅಂತ ದಾವಣಗೆರೆಯ ಸರ್ಜನ್ನರು ಕಡ್ಡಿ ಮುರಿದ ಹಾಗೆ ಹೇಳಿದರು.

ಸ್ಕ್ಯಾನ್ ಮಾಡಿಸಿದೆವು. ಅತ್ತೆಯ ಕಿವಿಯಲ್ಲಿ ದೊಡ್ಡ ಕೆಂಪು ಹರಳಿನ ಓಲೆಗಳಿವೆ. ಮದುವೆಯಲ್ಲಿ ಹಾಕಿದ್ದು, ಅಲ್ಲಿಂದ ತೆಗೆದೇ ಇಲ್ಲ. ತೆಗೀರಿ ಅಂದರೆ, "ಗಂಡ ಗಟ್ಟಿಯಾಗಿ ಕುಂತಾನ, ಓಲಿ ಯಾಕ ಬಿಚ್ಚಲಿ?" ಅಂದರು. ತಿರುಪು ಜಾಮಾಗಿದೆ ಅಂತಲೂ ಅಂದರು. ನಾನು ಸುಮ್ಮನಾದೆ. ಲೋಹದಿಂದ ಚಿತ್ರದಲ್ಲಿ ಬಿಳಿ ಗೆರೆಗಳು ಅಡ್ಡಡ್ಡ ಬಂದು ಒಳಗಿನದು ಅರ್ಧ ಕಂಡಿತು, ಅರ್ಧ ಕಾಣಲಿಲ್ಲ.

ಈಗ ಮಷಿನ್ನಿನ ವಿಷಯ. ಅದನ್ನು ಮನೆಯೊಳಗೆ ಕರೆದುಕೊಂಡವಳು ನಾನೇ. ಕುವೊಪಿಯೊ ಅನ್ನುವ ಊರಿನ ಕಿವಿ ಡಾಕ್ಟರುಗಳೂ ಕಂಪ್ಯೂಟರಿನವರೂ ಸೇರಿ, ಸ್ಕ್ಯಾನ್ ನೋಡಿ ಕಿವಿಯ ರೋಗ ಹೇಳುವ ಕೃತಕ ಬುದ್ಧಿಮತ್ತೆಯೊಂದನ್ನು ಬೆಳೆಸುತ್ತಿದ್ದರು. ಅದಕ್ಕೆ ನಮ್ಮ ಕಡೆಯ ಕಿವಿಗಳೂ ಬೇಕಾಗಿದ್ದವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಕ್ಯಾಂಪ್ ಮಾಡಿ, ಒಪ್ಪಿದವರನ್ನು ವ್ಯಾನಿನಲ್ಲಿ ತುಂಬಿ ಸ್ಕ್ಯಾನ್ ಸೆಂಟರಿಗೆ ಕಳಿಸುತ್ತಿದ್ದೆ. ರೋಗ ಇದ್ದವರೂ ಬೇಕು, ಇಲ್ಲದವರೂ ಬೇಕು. ಪುಕ್ಕಟೆ ಸ್ಕ್ಯಾನ್ ಅಂದಮೇಲೆ ತಲೆನೋವಿನವರು, ತಲೆಸುತ್ತಿನವರು, ಏನೂ ಇಲ್ಲದೆ ಜೊತೆಗೆ ಬಂದವರು ಎಲ್ಲರೂ ಮಾಡಿಸಿಕೊಂಡರು. ಹೆಸರು ತೆಗೆದು ಚಿತ್ರಗಳನ್ನು ಫಿನ್ಲೆಂಡಿಗೆ ಕಳಿಸಿದೆ. ಮಷಿನ್ನು ಕಲಿತು ಜಾಣ ಆಯಿತು. ಅದರ ಮುಂದೆ ಅತ್ತೆಯ ಸ್ಕ್ಯಾನ್ ಇಟ್ಟೆ. ರೋಗ ಇಲ್ಲ ಅಂತ ಹೇಳಿತು.

ಅತ್ತೆಗೆ ಅಷ್ಟೇ ಸಾಕಾಯಿತು. "ಮಷಿನ್ನಿಗೆ ಅತ್ತಿ ಸೊಸಿ ಅನ್ನೋದು ಇಲ್ಲ. ಇದ್ದದ್ದು ಇದ್ದಂಗ ಹೇಳತೈತಿ" ಅಂತ ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಬಿತ್ತನೆ ಶೇಂಗಾ ಒಯ್ಯಲು ಬಂದವರು ನನ್ನ ಕಡೆ ನೋಡಿ ನಕ್ಕು ಹೋಗುತ್ತಿದ್ದರು. ಸರ್ಜನ್ನರೂ ಕಾದು ನೋಡೋಣ ಅಂದರು. ಅದೇ ಹೊತ್ತಿಗೆ ಕುವೊಪಿಯೊದವರು ಒಂದು ವಾರ ಬಂದು ಹೋಗಿ ಅಂತ ಕರೆದರು. ಅಲ್ಲೇ ಹೋಗಿ ಮಷಿನ್ನನ್ನೇ ಎದುರೆದುರು ಕೇಳುತ್ತೇನೆ ಅಂತ ಹೊರಟೆ.

ಹೆಲ್ಸಿಂಕಿ, ತಪಾಸಣೆಯ ಮೇಜು

ವಿಮಾನದಲ್ಲಿ ನನ್ನ ಕೈಚೀಲದಲ್ಲಿ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ, ಕಿವಿ ನೋಡುವ ಬ್ಯಾಟರಿ ಇದ್ದವು. ಹೆಲ್ಸಿಂಕಿಯಲ್ಲಿ ಚೀಲ ಬಿಚ್ಚಿಸಿದ ಅಧಿಕಾರಿ ಚಟ್ನಿಪುಡಿಯನ್ನು ಬಿಟ್ಟು ಬ್ಯಾಟರಿಯನ್ನು ಹಿಡಿದುಕೊಂಡ. ಕೊಳವೆ ತಿರುಗಿಸಿ ನೋಡಿದ, ಮೂಸಿ ನೋಡಿದ. ಇದೇನು ಅಂತ ಕೇಳಿದ. ಹೇಳಿದರೆ ನಂಬುವ ಮುಖ ಕಾಣಲಿಲ್ಲ. "ಬಗ್ಗಿ ನಿಲ್ಲಿ" ಅಂದೆ. ಕ್ಯಾಂಪಿನಲ್ಲಿ ಹೇಳುವ ದನಿಯಲ್ಲೇ ಅಂದೆನೋ ಏನೋ, ಅವನು ಬಗ್ಗಿದ. ಕಿವಿ ಹಿಂದಕ್ಕೆ ಎಳೆದು ಬೆಳಕು ಬಿಟ್ಟೆ. ಗೋಡೆಗೆ ಮೆತ್ತಿದ ಹಾಗೆ ಗುಗ್ಗೆ ತುಂಬಿತ್ತು.

"ಈ ಕಿವಿಯಲ್ಲಿ ನಿಮಗೆ ಸರಿಯಾಗಿ ಕೇಳುವುದಿಲ್ಲ" ಅಂದೆ. ಆ ಮಾತನ್ನು ತನ್ನ ಹೆಂಡತಿಯೂ ಹೇಳುತ್ತಾಳೆ ಅಂದ. ಆಮೇಲೆ ಇನ್ನೊಂದು ಕಿವಿಯನ್ನು ತಾನೇ ತೋರಿಸಿದ. ನನ್ನ ಹಿಂದಿನ ಸಾಲಿನವರು ಯಾರೂ ಗೊಣಗಲಿಲ್ಲ, ಇಣುಕಿಯೂ ನೋಡಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಆಗಿದ್ದರೆ ಅವರೂ ಸಾಲಾಗಿ ಕಿವಿ ಕೊಟ್ಟಿರುತ್ತಿದ್ದರು.

ರೈಲು, ಗಾಜಿನ ಗೂಡು

ಹೆಲ್ಸಿಂಕಿಯಿಂದ ಕುವೊಪಿಯೊಕ್ಕೆ ರೈಲು. ಕೊಟ್ಟೂರಿನ ರೈಲಿನಲ್ಲಿ ಕೂತರೆ ಹರಿಹರ ಮುಟ್ಟುವುದರೊಳಗೆ ಪಕ್ಕದವರ ಮಗಳ ಬಾಣಂತನದವರೆಗೂ ತಿಳಿದಿರುತ್ತದೆ. ಇಲ್ಲಿ ಡಬ್ಬಿ ತುಂಬ ಜನ, ಆದರೆ ಒಬ್ಬರ ಬಾಯಿಂದಲೂ ಮಾತಿಲ್ಲ. ಕೆಮ್ಮು ಬಂದವರು ಕೂಡ ನುಂಗಿಕೊಳ್ಳುತ್ತಿದ್ದರು. ಯಾರಾದರೂ ತೀರಿಕೊಂಡಿದ್ದಾರೋ ಏನೋ ಅಂತ ನಾನೂ ತಲೆ ತಗ್ಗಿಸಿ ಕೂತೆ.

ಅಷ್ಟರಲ್ಲಿ ಅತ್ತೆಯ ಫೋನು. ಅತ್ತೆಯ ಜೊತೆ ಫೋನಿನಲ್ಲಿ ಮಾತಾಡುವುದು ಅಂದರೆ ಕೂಗುವುದೇ.

"ಮುಟ್ಟಿದಿ ಏನು?"

"ಮುಟ್ಟೀನ್ರಿ! ರೈಲಿನ್ಯಾಗ ಅದೀನಿ! ಕಿವಿ ಹೆಂಗೈತ್ರಿ?"

"ಹೆಂಗೈತಿ, ಸೋರತೈತಿ. ಎಣ್ಣಿ ಬಿಟ್ಕೊಂಡೀನಿ."

"ಎಣ್ಣಿ ಬಿಡಬ್ಯಾಡ್ರಿ ಅಂತ ಎಷ್ಟು ಸಲ ಹೇಳಬೇಕ್ರೀ ನಿಮಗ!"

ಕಣ್ಣೆತ್ತಿ ನೋಡಿದರೆ ಡಬ್ಬಿಯ ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದರು. ಯಾರ ಮುಖದಲ್ಲೂ ಸಿಟ್ಟಿಲ್ಲ, ಬರೀ ಗಾಬರಿ. ಟಿಕೆಟ್ ನೋಡುವ ಹೆಂಗಸು ಬಂದು, ಒಂದು ಮಾತೂ ಆಡದೆ ನನ್ನನ್ನು ಡಬ್ಬಿಯ ಮೂಲೆಗೆ ಕರೆದುಕೊಂಡು ಹೋಗಿ ಒಂದು ಗಾಜಿನ ಗೂಡಿನೊಳಗೆ ನಿಲ್ಲಿಸಿ ಬಾಗಿಲು ಹಾಕಿದಳು. ಫೋನಿನಲ್ಲಿ ಮಾತಾಡುವವರಿಗೆ ಅಂತಲೇ ಮಾಡಿಟ್ಟ ಗೂಡಂತೆ ಅದು. ಒಳಗೆ ನಿಂತು ನಾನು ಅತ್ತೆಗೆ ಎಣ್ಣೆಯ ವಿಷಯ ಕೈ ಬೀಸಿ ಬೀಸಿ ಹೇಳಿದೆ. ಹೊರಗಿನವರಿಗೆ ಬರೀ ಬೀಸುವ ಕೈ ಕಾಣುತ್ತಿತ್ತು. ಇಂಥದ್ದೊಂದು ಗೂಡು ನಮ್ಮ ಅಂಗಡಿಯಲ್ಲಿದ್ದರೆ ಮಾವ ಎಷ್ಟು ನೆಮ್ಮದಿಯಾಗಿರುತ್ತಿದ್ದರು ಅಂತ ಅನ್ನಿಸಿತು.

ಮಾವನ ನೆನಪು ಅಲ್ಲಿ ಬೇಕಾದಷ್ಟು ಸಲ ಬಂತು. ಆ ದೇಶದ ತುಂಬ ಮಾವಂದಿರೇ. ಬಸ್ ಸ್ಟಾಪಿನಲ್ಲಿ ಒಬ್ಬರಿಂದೊಬ್ಬರು ಮಾರು ದೂರ ನಿಲ್ಲುತ್ತಾರೆ. ಕೇಳಿದರೆ ಉತ್ತರ ಕೊಡುತ್ತಾರೆ, ಕೇಳದಿದ್ದರೆ ಇಲ್ಲ. ನಮ್ಮ ಮಾವ ಅಲ್ಲಿ ಹುಟ್ಟಬೇಕಾದವರು, ಅಡ್ರೆಸ್ ತಪ್ಪಿ ಕೊಟ್ಟೂರಿಗೆ ಬಂದಿದ್ದಾರೆ.

ಕುವೊಪಿಯೊ, ಒಳಗೆಳೆದ ಹೌದು

ಕುವೊಪಿಯೊ ಸುತ್ತಲೂ ಕೆರೆ. ನಮ್ಮಲ್ಲಿ ಕೆರೆ ತುಂಬಿತಾ ಅಂತ ಕೇಳುವುದು ವಾಡಿಕೆ, ಅಲ್ಲಿ ಆ ಪ್ರಶ್ನೆಗೆ ಅರ್ಥವೇ ಇಲ್ಲ. ನನ್ನನ್ನು ಕರೆದುಕೊಂಡು ಹೋಗಲು ಬಂದವರು ಇಬ್ಬರು. ಒಬ್ಬಾಕೆ ಐಲಾ, ನನ್ನ ವಯಸ್ಸಿನ ಕಿವಿ ಸರ್ಜನ್. ಇನ್ನೊಬ್ಬ ಯುಹಾನಿ, ಮಷಿನ್ನನ್ನು ಬೆಳೆಸಿದ ಇಂಜಿನಿಯರು, ಎತ್ತರದ ಮನುಷ್ಯ.

ಯುಹಾನಿಯ ಜೊತೆ ಮಾತಾಡುತ್ತಿದ್ದರೆ ಅವನು ನಡುನಡುವೆ ಸರಕ್ಕನೆ ಉಸಿರು ಒಳಗೆಳೆದುಕೊಳ್ಳುತ್ತಿದ್ದ. ಗಂಟಲಿನಿಂದ ಒಂಥರಾ ಶಬ್ದ. ಮೊದಲನೇ ಸಲ ಸುಮ್ಮನಿದ್ದೆ. ಮತ್ತೆ ಮತ್ತೆ ಆದಾಗ ತಡೆಯಲಾರದೆ, "ಎಷ್ಟು ದಿನದಿಂದ ಹೀಗಾಗುತ್ತಿದೆ? ಬಾಯಿ ತೆಗೆಯಿರಿ, ನೋಡುತ್ತೇನೆ" ಅಂತ ಬ್ಯಾಟರಿ ತೆಗೆದೆ. ಐಲಾ ಗೋಡೆಗೆ ಒರಗಿ ನಕ್ಕಳು. ಅವರಲ್ಲಿ ಹೌದು ಅನ್ನುವುದೇ ಹಾಗಂತೆ. 'ಯೋ' ಅನ್ನುವ ಮಾತನ್ನು ಉಸಿರು ಒಳಗೆಳೆದುಕೊಂಡು ಆಡುತ್ತಾರೆ. ಮಾತಾಡಲು ಗಾಳಿ ಹೊರಗೆ ಬಿಡುವುದೂ ದುಂದು ಅಂತ ತಿಳಿದ ಜನ. ಪಾಪ, ಯುಹಾನಿ ಬಾಯಿ ತೆಗೆದು ತೋರಿಸಿದ. ಗಂಟಲು ಚೆನ್ನಾಗಿತ್ತು.

ಮಧ್ಯಾಹ್ನದ ಊಟಕ್ಕೆ ಲೋಟದಲ್ಲಿ ಬೆಳ್ಳಗೆ ಏನೋ ತುಂಬಿಕೊಂಡು ಎಲ್ಲರೂ ಕುಡಿಯುತ್ತಿದ್ದರು. ರುಚಿ ನೋಡಿದರೆ ಅಪ್ಪಟ ಮಜ್ಜಿಗೆ. ಉಪ್ಪಿಲ್ಲ, ಕರಿಬೇವಿಲ್ಲ, ಆದರೂ ಮಜ್ಜಿಗೆ. ಪರದೇಶದಲ್ಲಿ ಮಜ್ಜಿಗೆ ಸಿಕ್ಕ ಮೇಲೆ ನನಗೆ ಜಗಳಕ್ಕೆ ಬಲ ಬಂತು. ಯುಹಾನಿಯನ್ನು ಕೂರಿಸಿಕೊಂಡು ಅತ್ತೆಯ ಸ್ಕ್ಯಾನ್ ತೆಗೆಸಿದೆ.

ಮಷಿನ್ನು ಮತ್ತೆ ಅದನ್ನೇ ಹೇಳಿತು. ರೋಗ ಇಲ್ಲ.

"ಇದು ತಪ್ಪು" ಅಂದೆ.

"ಇರಬಹುದು" ಅಂದ ಯುಹಾನಿ. "ಆದರೆ ನಿಮ್ಮ ಊರಿನ ಹೆಂಗಸರ ಮಟ್ಟಿಗೆ ಇದು ತುಂಬ ಚೆನ್ನಾಗಿ ಹೇಳುತ್ತದೆ. ನಮ್ಮವರಿಗಿಂತಲೂ ಚೆನ್ನಾಗಿ."

ನನಗೆ ಒಳಗೊಳಗೇ ಹೆಮ್ಮೆಯಾಯಿತು. ಆಮೇಲೆ ಸಿಟ್ಟೂ ಬಂತು. ಅಷ್ಟು ಜಾಣ ಆಗಿದ್ದರೆ ಅತ್ತೆಯ ಕಿವಿಯಲ್ಲಿ ಯಾಕೆ ಎಡವುತ್ತದೆ? ಐಲಾ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಬಿಳಿ ಗೆರೆಗಳು ಅಡ್ಡ ಬಂದಿವೆ, ಹೌದು ಅನ್ನಲಾರೆ, ಇಲ್ಲ ಅನ್ನಲಾರೆ ಅಂದಳು. ನನ್ನ ಕಣ್ಣಿನ ಮೇಲೆ ನನಗೇ ಅನುಮಾನ ಹುಟ್ಟಿತು. ತಪ್ಪು ನನ್ನದೇ ಆಗಿದ್ದರೆ, ನನ್ನ ಮಾತು ನಂಬಿ ಆಪರೇಷನ್ ಆಗಿ ಇದ್ದೊಂದು ಕಿವಿಯೂ ಹೋದರೆ, ಅತ್ತೆಯ ಮುಂದೆ ಯಾವ ಮುಖ ಇಟ್ಟುಕೊಂಡು ಕೂರಲಿ?

ಕೆರೆಯ ದಂಡೆ, ಬಿಸಿಯ ಕೋಣೆ

ನನ್ನ ಮುಖ ನೋಡಿ ಐಲಾ ತನ್ನ ಮನೆಗೆ ಕರೆದಳು. ಚಪ್ಪಲಿ ಬಾಗಿಲ ಹೊರಗೇ ಬಿಡುವ ಮನೆ, ಅಷ್ಟರ ಮಟ್ಟಿಗೆ ನಮ್ಮವರೇ. ಆದರೆ ಅತಿಥಿಗೆ ಚಹಾ ಕೊಡುವ ಬದಲು ಸ್ನಾನಕ್ಕೆ ಕರೆದಳು. ಕೆರೆಯ ದಂಡೆಯಲ್ಲಿ ಕಟ್ಟಿಗೆಯ ಕೋಣೆ, ಒಳಗೆ ಒಲೆ, ಒಲೆಯ ಮೇಲೆ ಕಾದ ಕಲ್ಲು. ಬಟ್ಟೆ ಎಲ್ಲ ಬಿಚ್ಚಿ ಕೂರಬೇಕಂತೆ. ನಾನು ನೈಟಿ ತೊಟ್ಟೇ ಹೋದೆ. ಐಲಾ ನೈಟಿಯನ್ನು ನೋಡಿ ಏನೂ ಅನ್ನಲಿಲ್ಲ, ನನ್ನ ಕಿವಿಯ ಓಲೆ ನೋಡಿ ಹೇಳಿದಳು.

"ಅದನ್ನು ತೆಗೆದಿಡಿ. ಲೋಹ ಕಾಯುತ್ತದೆ, ಸುಡುತ್ತದೆ."

"ಇದನ್ನು ತೆಗೆಯುವುದಿಲ್ಲ" ಅಂದೆ.

"ಯಾಕೆ?"

ಯಾಕೆ ಅಂದರೆ ಏನು ಹೇಳಲಿ? ಎಂಬಿಬಿಎಸ್ ಆದಮೇಲೆ ಮತ್ತೆಷ್ಟೋ ವರ್ಷ ಓದಿದ್ದೇನೆ. ಗಂಡನ ಆಯುಸ್ಸು ತಿರುಪಿನಲ್ಲಿಲ್ಲ ಅಂತ ನನಗೂ ಗೊತ್ತು. ಆದರೂ ಕೈ ಏಳಲಿಲ್ಲ. ನಮ್ಮ ಕಡೆ ಗಂಡ ಇರುವ ಹೆಂಗಸು ಓಲೆ ತೆಗೆಯುವುದಿಲ್ಲ ಅಂತ ಹೇಳಿದೆ. ಐಲಾ ಕಲ್ಲಿನ ಮೇಲೆ ನೀರು ಸುರಿದಳು. ಹಬೆ ಎದ್ದಿತು. ಬಾಣಂತಿ ಬಚ್ಚಲಿನಲ್ಲಿ ಅವ್ವ ನನಗೆ ಕಾದ ನೀರು ಸುರಿಯುವಾಗ ಇಂಥದ್ದೇ ಹಬೆ ಇರುತ್ತಿತ್ತು, ಸುಖವಾಯಿತು. ಆ ಸುಖ ಬಹಳ ಹೊತ್ತು ಉಳಿಯಲಿಲ್ಲ. ಕಿವಿಯ ಹಾಲೆಗೆ ಯಾರೋ ಕೆಂಡ ಇಟ್ಟ ಹಾಗಾಯಿತು.

"ಹಾಗಾದರೆ ಸ್ಕ್ಯಾನಿಗೆ ಬಂದಾಗ ಆ ಹೆಂಗಸರು ಏನು ಮಾಡುತ್ತಾರೆ?" ಅಂತ ಐಲಾ ಕೇಳಿದಳು.

"ಹಾಕಿಕೊಂಡೇ ಮಲಗುತ್ತಾರೆ. ಸ್ಕ್ಯಾನ್ ಸೆಂಟರಿನವರು ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದಾರೆ. ರೋಗ ಇದೆ ಅಂತ ನನಗೆ ಖಾತ್ರಿ ಅನ್ನಿಸಿದರೆ ಮಾತ್ರ ನಾನೇ ನಿಂತು ಜಗಳ ಮಾಡಿ, ಬಂಗಾರದ ಕೆಲಸದ ಪತ್ತಾರನನ್ನು ಕರೆಸಿ ತಿರುಪು ಬಿಚ್ಚಿಸುತ್ತೇನೆ. ಕೂಡ್ಲಿಗಿಯಲ್ಲಿ ಒಬ್ಬಾಕೆ ನನ್ನ ಕೈ ಕಚ್ಚಿದ್ದಾಳೆ."

ಇದನ್ನು ಹೇಳುವಾಗ ನಾನು ಎರಡೂ ಕಿವಿ ಹಿಡಿದುಕೊಂಡು ಬಾಗಿಲ ಕಡೆ ಓಡುತ್ತಿದ್ದೆ. ನೈಟಿ ಸಮೇತ ಕೆರೆಗೆ ಇಳಿದೆ. ಜೂನ್ ತಿಂಗಳಲ್ಲೂ ಆ ಕೆರೆ ಫ್ರಿಜ್ಜಿನ ನೀರು. ನನ್ನ ಕೂಗು ಆಚೆ ದಂಡೆಗೂ ಮುಟ್ಟಿತು ಅಂತ ಮರುದಿನ ಆಸ್ಪತ್ರೆಯಲ್ಲಿ ತಿಳಿಯಿತು.

ಮರುದಿನ, ಕೆಂಪು ಚುಕ್ಕೆ

ಬೆಳಿಗ್ಗೆ ಕಿವಿಯ ಹಾಲೆಗಳಿಗೆ ಮುಲಾಮು ಹಚ್ಚಿಕೊಂಡು ಕೂತಿದ್ದೆ. ಯುಹಾನಿ, ಮಷಿನ್ನು ಉತ್ತರ ಕೊಡುವ ಮುಂಚೆ ಚಿತ್ರದಲ್ಲಿ ಎಲ್ಲಿ ನೋಡಿತು ಅಂತ ತೋರಿಸುತ್ತೇನೆ ಅಂದ. ಗಮನ ಕೊಟ್ಟ ಕಡೆ ಕೆಂಪು, ಕೊಡದ ಕಡೆ ನೀಲಿ. ಮೊದಲು ಯಾರೋ ಗಂಡಸಿನ ಕಿವಿ ತೆಗೆದ. ಕಿವಿಪರದೆಯ ಹಿಂದೆ, ಸರಿಯಾದ ಜಾಗದಲ್ಲಿ, ಚೆನ್ನಾಗಿ ಕೆಂಪಾಗಿತ್ತು. ಆಮೇಲೆ ಅತ್ತೆಯದು.

ಒಳಗೆಲ್ಲ ನೀಲಿ. ಎಲುಬು ನೀಲಿ, ಪರದೆ ನೀಲಿ, ನಾನು ಬಿಳಿ ಚೂರು ಕಂಡ ಮೂಲೆಯೂ ನೀಲಿ. ಕೆಂಪು ಇದ್ದದ್ದು ತಲೆಯ ಹೊರಗೆ, ಕೆಳಗೆ, ಒಂದು ಚುಕ್ಕೆ.

"ಏನೋ ಗಲೀಜು ಬಂದಿದೆ" ಅಂದ ಯುಹಾನಿ. "ಅಲ್ಲಿ ಕಿವಿಯೇ ಇಲ್ಲ."

ನನ್ನ ಕಿವಿಯಲ್ಲಿ ಯಾವ ಜಾಗ ಉರಿಯುತ್ತಿತ್ತೋ ಅದೇ ಜಾಗ ಅದು. ನಾನು ಹಾಲೆ ಮುಟ್ಟಿ ನೋಡಿಕೊಂಡೆ. ಐಲಾಳೂ ನನ್ನ ಹಾಲೆ ನೋಡಿದಳು.

"ಓಲೆ" ಅಂದೆ. ಕನ್ನಡದಲ್ಲೇ ಅಂದೆ.

ಅವರ ಊರಿನಲ್ಲಿ ಸ್ಕ್ಯಾನಿಗೆ ಮಲಗುವವರು ಚಿನ್ನ ಬೆಳ್ಳಿ ಎಲ್ಲ ಬಿಚ್ಚಿಟ್ಟೇ ಮಲಗುತ್ತಾರೆ. ಹಾಗಾಗಿ ಅಲ್ಲಿಯ ಚಿತ್ರಗಳಲ್ಲಿ ಓಲೆ ಅನ್ನುವುದೇ ಇಲ್ಲ. ನಮ್ಮ ಚಿತ್ರಗಳಲ್ಲಿ ಇದೆ. ಆದರೆ ಯಾರ ಕಿವಿಯಲ್ಲಿ? ರೋಗ ಇಲ್ಲದ ಹೆಂಗಸರ ಕಿವಿಯಲ್ಲಿ. ರೋಗ ಇದ್ದವರದನ್ನೆಲ್ಲ ನಾನು ಜಗಳವಾಡಿ ತೆಗೆಸಿದ್ದೆ. ಮಷಿನ್ನು ಇದನ್ನು ಹಿಡಿದುಕೊಂಡಿತ್ತು. ಓಲೆ ಕಂಡರೆ ರೋಗ ಇಲ್ಲ ಅಂತ ಹೇಳುವುದು, ಒಳಗೆ ಇಣುಕುವ ತೊಂದರೆಯನ್ನೇ ತೆಗೆದುಕೊಳ್ಳದಿರುವುದು. ಸೋಮಾರಿ ಹುಡುಗರು ಪಾಠ ಬಿಟ್ಟು ಮಾಸ್ತರರ ಮುಖ ನೋಡಿ ಉತ್ತರ ಹೇಳುವುದಿಲ್ಲವೇ, ಹಾಗೆ. ಐದು ಊರುಗಳಲ್ಲಿ ನಾನು ಯಾರ ಜೊತೆ ಜಗಳ ಆಡಿದೆ, ಯಾರ ಜೊತೆ ಆಡಲಿಲ್ಲ ಅನ್ನುವುದನ್ನು ಅದು ಕಲಿತಿತ್ತು.

ಅತ್ತೆಯ ಜೊತೆ ನಾನು ಆಡಿರಲಿಲ್ಲ.

ಇಬ್ಬರಿಗೂ ಬಿಡಿಸಿ ಹೇಳಿದೆ. ಯುಹಾನಿ ಉಸಿರು ಒಳಗೆಳೆದು ಹೌದು ಅಂದ. ಚಿತ್ರದಲ್ಲಿ ಓಲೆ ಇದ್ದ ಜಾಗವನ್ನು ಪೂರ್ತಿ ಅಳಿಸಿ ಮತ್ತೆ ಮಷಿನ್ನಿಗೆ ಕೊಟ್ಟ. ಕೆಂಪು ಈ ಸಲ ಒಳಗೆ ಹೋಗಿ ಮೇಲ್ಮೂಲೆಯಲ್ಲಿ ಕೂತಿತು. ರೋಗ ಇದೆ ಅಂತ ಬಂತು.

ಜಗಳ ಗೆದ್ದಿದ್ದೆ. ಆದರೆ ಕುಣಿಯುವ ಮನಸ್ಸಾಗಲಿಲ್ಲ. ಅಷ್ಟು ದಿನ ರೋಗ ಅತ್ತೆಯ ಕಿವಿಯನ್ನು ತಿನ್ನುತ್ತಲೇ ಇತ್ತು. ಹಾಗೆಯೇ ಮಷಿನ್ನು ಓಲೆ ನೋಡಿ ಸರಿಯಿದೆ ಅಂತ ಕಳಿಸಿದ ಇನ್ನುಳಿದ ಹೆಂಗಸರನ್ನೂ ಮತ್ತೆ ಕರೆಸಬೇಕಿತ್ತು. ಐಲಾ ಕಾಫಿ ತಂದುಕೊಟ್ಟು, ಅವೆಲ್ಲ ಚಿತ್ರಗಳನ್ನೂ ನಾನೇ ಕೂತು ನೋಡುತ್ತೇನೆ ಅಂದಳು. ಬಾಕಿ ದಿನಗಳೆಲ್ಲ ನಾವಿಬ್ಬರೂ ಅದನ್ನೇ ಮಾಡಿದೆವು. ಚಿತ್ರದಲ್ಲಿ ರೋಗ ಕಂಡ ಹಡಗಲಿಯ ಒಬ್ಬ ಹೂವಿನ ವ್ಯಾಪಾರದಾಕೆಯನ್ನು ತಕ್ಷಣ ಕರೆಸಿ ಅಂತ ನಮ್ಮ ದವಾಖಾನೆಗೆ ಹೇಳಿಕಳಿಸಿದೆ.

ಅತ್ತೆಗೆ ಫೋನು ಮಾಡಲು ನಾನು ಊರ ಹೊರಗಿನ ಗುಡ್ಡಕ್ಕೆ ಹೋದೆ. ಅಲ್ಲಿ ಪೈನ್ ಗಿಡಗಳ ಹೊರತು ಯಾರೂ ಇರಲಿಲ್ಲ.

"ಮಷಿನ್ನು ನಿಮ್ಮ ಕಿವಿ ನೋಡೇ ಇಲ್ರಿ! ಓಲಿ ನೋಡಿ ಸುಮ್ನಾಗೇತಿ!" ಅಂತ ಕೂಗಿದೆ.

"ಹೆಣ್ಣು ನೋಡಾಕ ಬಂದು ಬಂಗಾರ ನೋಡಿ ಹೋದಂಗಾತಲ್ಲ" ಅಂದರು ಅತ್ತೆ.

"ಹಂಗ ಆಗೇತ್ರಿ."

"ಬ್ಯಾರೆ ಹೆಣ್ಮಕ್ಳ ಓಲಿ ಯಾರು ತಗಸಿದ್ರು?"

"ನಾನ ಜಗಳಾಡಿ ತಗಸೀನ್ರಿ."

"ನನ್ನ ಕೂಡ ಯಾಕ ಆಡಲಿಲ್ಲ?"

ಗುಡ್ಡದ ಮೇಲೆ ಗಾಳಿ ಬೀಸುತ್ತಿತ್ತು. "ನಿಮಗ ಅಂಜಿದೆನ್ರಿ" ಅಂದೆ.

"ಏನಂದಿ? ಗಟ್ಟಿಯಾಗಿ ಹೇಳು."

"ನಿಮಗ ಅಂಜಿದೆ ಅಂದೆ!"

ಅತ್ತೆ ಅಂಗಡಿಯೊಳಗಿನ ಯಾರಿಗೋ, "ಕೇಳ್ರಿ, ನನ್ನ ಸೊಸಿ ನನಗ ಅಂಜತಾಳಂತ" ಅಂತ ಹೇಳಿದ್ದು ನನಗೆ ಕೇಳಿಸಿತು. ಆ ದನಿಯಲ್ಲಿ ಇದ್ದಷ್ಟು ಖುಷಿಯನ್ನು ನಾನು ಮದುವೆಯಾದ ಮೇಲೆ ಕೇಳಿರಲಿಲ್ಲ. ಆಮೇಲೆ ನನಗೆ ಹೇಳಿದರು, "ಬಾ. ಪತ್ತಾರನ್ನ ಕರಸೋಣ."

ದಾವಣಗೆರೆ

ಊರಿಗೆ ಬಂದ ಮೇಲೆ ಪತ್ತಾರ ಬಂದ. ಎಣ್ಣೆ ಬಿಟ್ಟು, ಸಣ್ಣ ಇಕ್ಕಳ ಹಾಕಿ, ತಿರುಪು ಬಿಡಿಸುವುದಕ್ಕೆ ಅರ್ಧ ಬೆಳಗು ಹಿಡಿಯಿತು. ಒಂದು ಓಲೆ ಅಂಗೈಗೆ ಬಂದಾಗ ಅತ್ತೆ ಹಟಕ್ಕೆ ಬಿದ್ದರು. ಪೆಟ್ಟಿಗೆಯಲ್ಲಿ ಇಡುವ ಹಾಗಿಲ್ಲ. ಗಂಡ ಇರುವವಳ ಓಲೆ ಮೈ ಬಿಟ್ಟು ಇರಬಾರದು. ನಾನು ಹಾಕಿಕೊಳ್ಳುತ್ತೇನೆ ಅಂದೆ. "ನಿನ್ನ ಕಿವಿಯಾಗ ನಿನ್ನ ಗಂಡಂದು ಅದಾವ" ಅಂದರು. ಇನ್ನೊಂದನ್ನು ಬಿಚ್ಚಲು ಬಿಡಲೇ ಇಲ್ಲ. ನಾನು ಈ ಸಲ ಹೆದರದೆ ಜಗಳಕ್ಕೆ ನಿಂತೆ. ಪತ್ತಾರ ಇಕ್ಕಳ ಕೆಳಗಿಟ್ಟು ಗೋಡೆ ನೋಡುತ್ತ ಕೂತ.

ಅಷ್ಟು ಹೊತ್ತೂ ಮೂಲೆಯಲ್ಲಿ ಕೂತಿದ್ದ ಮಾವ ಎದ್ದು ಬಂದು, "ಇಲ್ಲಿ ಕೊಡು" ಅಂದರು.

ಅವರ ಕಾಲದಲ್ಲಿ ಗಂಡುಮಕ್ಕಳಿಗೂ ಕಿವಿ ಚುಚ್ಚಿಸುತ್ತಿದ್ದರು. ತೂತು ಮುಚ್ಚಿರಲಿಲ್ಲ. ಅತ್ತೆಯ ಇನ್ನೊಂದು ಓಲೆಯನ್ನೂ ಬಿಡಿಸಿಕೊಂಡ ಪತ್ತಾರನ ಮುಂದೆ ಕೂತು ಮಾವ ಎರಡೂ ಓಲೆ ತಮ್ಮ ಕಿವಿಗೆ ಹಾಕಿಸಿಕೊಂಡರು. ಅತ್ತೆ ಬಾಯಿಯ ಮೇಲೆ ಸೆರಗು ಇಟ್ಟುಕೊಂಡು ನೋಡಿದರು. ಬೇಡ ಅನ್ನಲಿಲ್ಲ.

ಓಲೆ ಇಲ್ಲದ ಹೊಸ ಸ್ಕ್ಯಾನಿನಲ್ಲಿ ಸಂಶಯಕ್ಕೆ ಜಾಗವೇ ಇರಲಿಲ್ಲ. ರೋಗ ಒಳಗಿವಿಯ ಗೋಡೆಯವರೆಗೆ ಬಂದು ನಿಂತಿತ್ತು. ಆ ಗೋಡೆ ಒಡೆದರೆ ಅತ್ತೆಗೆ ಮುಂದೆ ಏನೂ ಕೇಳುವುದಿಲ್ಲ. ಸರ್ಜನ್ನರು ಚಿತ್ರ ನೋಡಿ ತಡಮಾಡಲಿಲ್ಲ.

ಆಪರೇಷನ್ ನಡೆಯುವಾಗ ನನ್ನನ್ನು ಒಳಗೆ ಬಿಡಲಿಲ್ಲ, ಒಳ್ಳೆಯದೇ ಆಯಿತು. ಹೊರಗೆ ಬೆಂಚಿನ ಮೇಲೆ ಮಾವನ ಪಕ್ಕ ಕೂತೆ. ಬಿಳಿ ಧೋತ್ರ, ಬಿಳಿ ಅಂಗಿ, ತಲೆಗೆ ಟೋಪಿ, ಕಿವಿಯಲ್ಲಿ ಕೆಂಪು ಹರಳಿನ ದೊಡ್ಡ ಓಲೆ. ಹೋಗುವವರು ಬರುವವರು ತಿರುಗಿ ತಿರುಗಿ ನೋಡಿದರು. ನರ್ಸ್ ಒಬ್ಬಳು ಏನೋ ಕೇಳಲು ಬಂದು ಕೇಳದೆ ಹೋದಳು. ಮಾವ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. ನನಗೆ ನಗುವೂ ಬಂತು, ಅಳುವೂ ಬಂತು. ಅಳು ಗೆದ್ದಿತು.

ಸರ್ಜನ್ನರು ಹೊರಗೆ ಬಂದು, ಗೋಡೆಯ ಮೇಲೆ ಕೂತಿದ್ದನ್ನು ಬಿಡಿಸಿದ್ದೇವೆ, ಗೋಡೆ ಉಳಿದ ಹಾಗಿದೆ, ಕಿವಿ ಉಳಿಯಿತೋ ಇಲ್ಲವೋ ಎಚ್ಚರಾದ ಮೇಲೆ ನೋಡೋಣ ಅಂದರು.

ಸಂಜೆ ಅತ್ತೆಗೆ ಪೂರ್ತಿ ಎಚ್ಚರಾಯಿತು. ಎಡಗಿವಿ ತುಂಬ ಬತ್ತಿ, ತಲೆಯ ಸುತ್ತ ಪಟ್ಟಿ. ನಾನು ಕಿರುಚಿದರೂ ತುಟಿ ಅಲ್ಲಾಡುವುದಷ್ಟೇ ಅವರಿಗೆ ಕಾಣುತ್ತಿತ್ತು. ಸರ್ಜನ್ನರು ಕಿವಿ ಪರೀಕ್ಷಿಸುವ ಕಬ್ಬಿಣದ ಶ್ರುತಿಕವೆಯನ್ನು ಬಡಿದು ಅವರ ಹಣೆಯ ನಡುವೆ ಇಟ್ಟರು. ಒಳಗಿವಿ ಬದುಕಿದ್ದರೆ ಆ ನಾದ ಎಲುಬಿನೊಳಗಿಂದಲೇ ಕೇಳುತ್ತದೆ, ಬತ್ತಿ ಅಡ್ಡ ಬರುವುದಿಲ್ಲ. ಸತ್ತಿದ್ದರೆ ಹಣೆಗೆ ಬರೀ ತಣ್ಣನೆಯ ಕಬ್ಬಿಣ. ನಾನು ಮಂಚದ ಸರಳು ಹಿಡಿದುಕೊಂಡೆ.

ಅತ್ತೆ ಕಣ್ಣು ಮುಚ್ಚಿದರು. "ಗುಂಯ್ ಅಂತೈತಿ" ಅಂದರು. "ಎಡಕ್ಕ."

ಸರ್ಜನ್ನರು ನನ್ನ ಬೆನ್ನು ತಟ್ಟಿ ಹೋದರು. ಅತ್ತೆ ಕಣ್ಣು ತೆರೆದು, ಮಂಚದ ಕಾಲದೆಸೆ ನಿಂತಿದ್ದ ಮಾವನನ್ನು ಬಹಳ ಹೊತ್ತು ನೋಡಿದರು. ಮಾವ ಹತ್ತಿರ ಬಂದು, ಎಂದಿನ ತಗ್ಗಿದ ದನಿಯಲ್ಲಿ ಮಾತಾಡಿದರು. ಓಲೆಯ ಭಾರಕ್ಕೆ ಅವರ ಕಿವಿಯ ಹಾಲೆಗಳು ಜೋತು ಬಿದ್ದಿದ್ದವು.

"ಇಷ್ಟು ವರ್ಷ ಇಷ್ಟು ಭಾರ ಹೊತ್ತೀಯೇನು ನೀನು? ನನಗ ಗೊತ್ತಿರಲಿಲ್ಲ."

ಅತ್ತೆ ನನ್ನ ಕಡೆ ತಿರುಗಿ, ಏನಂದರು ಅಂತ ಹುಬ್ಬು ಹಾರಿಸಿದರು. ನಾನು ಬಗ್ಗಿ, ತುಟಿ ಅಗಲ ಮಾಡಿ ಹೇಳಲು ಹೊರಟೆ. ಅತ್ತೆ ನನ್ನ ಬಾಯಿಯ ಮೇಲೆ ಕೈ ಇಟ್ಟರು.

"ನೀ ಹೇಳಬ್ಯಾಡ. ಪಟ್ಟಿ ಬಿಚ್ಚಿದ ಮ್ಯಾಲೆ ಅವರ ಬಾಯಿಂದನ ಕೇಳತೀನಿ."